ಅಪ್ಪನ ಹಳೇ ಆಂಪ್ಲಿ, ಅಂಗಡಿಯ ಹೊಸ ಆಂಪ್ಲಿ: ಕಿವಿ ನಂಬೋದಾ, ಮೀಟರ್ ನಂಬೋದಾ?

ಹಳೇ_ಆಂಪ್ಲಿ (ಮೈಸೂರು), ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಅಪ್ಪ 1988ರಲ್ಲಿ ತಗೊಂಡ ಸ್ಟೀರಿಯೋ ಆಂಪ್ಲಿಫೈಯರ್ ಒಂದು ನಮ್ಮ ಮನೆಯಲ್ಲಿದೆ. ಇವತ್ತಿಗೂ ಹಾಡುತ್ತದೆ. ಹೋದ ವರ್ಷ ಸ್ಪೀಕರ್ ಮಾತ್ರ ಹೊಸದು ತಂದೆ, ಚಿಕ್ಕವು. ಮೊನ್ನೆ ಹಳೇ ಆಂಪ್ಲಿಯನ್ನು ಸ್ಕೂಟರ್ ಮುಂದೆ ಇಟ್ಟುಕೊಂಡು ಒಂದು ಅಂಗಡಿಗೆ ಹೋಗಿದ್ದೆ. ಮೊದಲು ನನ್ನದರಲ್ಲಿ ಒಂದು ಹಾಡು ಹಾಕಿದರು, ಆಮೇಲೆ 38,000 ರೂಪಾಯಿಯ ಹೊಸದರಲ್ಲಿ ಅದೇ ಹಾಡು. ಸುಳ್ಳು ಯಾಕೆ ಹೇಳಲಿ, ಕೆರೆಯಲ್ಲಿ ಮುಳುಗಿ ಎದ್ದ ಮೇಲೆ ಕಿವಿಯಿಂದ ನೀರು ಇಳಿದಾಗ ಆಗುತ್ತಲ್ಲ, ಹಾಗಾಯಿತು.

ಹೊಸದರ ಡಬ್ಬದ ಮೇಲೆ ಟಿಎಚ್‌ಡಿ (ಆಂಪ್ಲಿ ದನಿಯನ್ನು ಕೆಡಿಸುವ ಪ್ರಮಾಣ) 0.005% ಅಂತ ಇದೆ. ಅಪ್ಪನ ಮ್ಯಾನ್ಯುಯಲ್‌ನಲ್ಲಿ 0.05%. ಅಂದರೆ ಹತ್ತು ಪಟ್ಟು ಕ್ಲೀನ್, ಅಲ್ವಾ? ಅಂಗಡಿಯವರೂ ಅದನ್ನೇ ಹೇಳಿದರು. ಮನೆಯಲ್ಲಿ ಇನ್ನೆರಡು ತೊಂದರೆ ಇವೆ. ಹಾಡು ನಿಂತಾಗ ಸಣ್ಣಗೆ ಗುಂಯ್ ಅನ್ನುತ್ತದೆ. ಮೃದಂಗದ ಎಡಗೈ ಪೆಟ್ಟು ಕೆಲವು ಸಲ ಖಾಲಿ ಡ್ರಮ್ಮಿಗೆ ಬಡಿದ ಹಾಗೆ ಬರುತ್ತದೆ. ಕೋಣೆ 12 ಅಡಿಗೆ 10 ಅಡಿ. 38 ಸಾವಿರ ಹಾಕಲಾ?

ಸೋಲ್ಡರ್_ಹೊಗೆ, ಸೋಮವಾರ ರಾತ್ರಿ

ಸ್ವಲ್ಪ ತಡೀರಿ. ದುಡ್ಡು ಜೇಬಲ್ಲೇ ಇರಲಿ.

ಮೂವತ್ತು ವರ್ಷ ರಿಪೇರಿ ಬೆಂಚಿನ ಮುಂದೆ ಕೂತವನು ನಾನು. ಆ ಶೇಕಡಾ ಲೆಕ್ಕವನ್ನು ಡೆಸಿಬಲ್‌ಗೆ, ಅಂದರೆ ಸದ್ದಿನ ಅಳತೆಯಾದ ಡಿಬಿಗೆ, ತಿರುಗಿಸಿ ನೋಡಿ. 0.05% ಅಂದರೆ ಆಂಪ್ಲಿ ತಾನಾಗಿ ಸೇರಿಸುವ ಕಲಬೆರಕೆ ಮೂಲ ದನಿಗಿಂತ 66 ಡಿಬಿ ಕೆಳಗಿದೆ. 0.005% ಅಂದರೆ 86 ಡಿಬಿ ಕೆಳಗೆ. ಕಾಗದದ ಮೇಲೆ ದೊಡ್ಡ ವ್ಯತ್ಯಾಸವೇ. ಆದರೆ ನಿಮ್ಮ ಸ್ಪೀಕರ್ ಇದೆಯಲ್ಲ, ಸ್ವಲ್ಪ ಜೋರಾಗಿ ಬೇಸ್ ಹೊಡೆದರೆ ಅದೊಂದೇ 1% ಅಥವಾ ಇನ್ನೂ ಜಾಸ್ತಿ ಸೇರಿಸುತ್ತದೆ. ಅದು ಬರೀ 40 ಡಿಬಿ ಕೆಳಗೆ. ಸಂತೆಯಲ್ಲಿ ನಿಂತು ಇಬ್ಬರ ಪಿಸುಮಾತಿನಲ್ಲಿ ಯಾರದು ಮೆಲ್ಲಗಿದೆ ಅಂತ ಕೇಳಿದ ಹಾಗೆ ಇದು.

ಹಾಗಾದರೆ ಅಂಗಡಿಯಲ್ಲಿ ನಿಮಗೆ ಕೇಳಿಸಿದ್ದು ಏನು? ನನ್ನ ಅನುಮಾನ ಒಂದೇ. ಎರಡರ ವಾಲ್ಯೂಮ್ ಸಮ ಮಾಡಿದ್ದರಾ? ನಾಬ್ ಒಂದೇ ಜಾಗಕ್ಕೆ ತಿರುಗಿಸಿದರೆ ಸಮ ಆಗುವುದಿಲ್ಲ. ಒಂದೆರಡು ಡಿಬಿ ಜಾಸ್ತಿ ಇದ್ದರೆ ಕಿವಿಗೆ 'ಜೋರಾಗಿದೆ' ಅನ್ನಿಸುವುದಿಲ್ಲ, 'ಚೆನ್ನಾಗಿದೆ' ಅನ್ನಿಸುತ್ತದೆ. ಅದಕ್ಕೆ ಕಾರಣವೂ ಇದೆ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸುವುದಿಲ್ಲ, ಜೋರು ಮಾಡಿದಂತೆ ಅದು ತುಂಬಿಕೊಳ್ಳುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದಾರೆ.

ಸಮ ಮಾಡುವುದು ಹೀಗೆ. 100 ಹರ್ಟ್ಜ್‌ನ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಇಟ್ಟು ಎಸಿ ವೋಲ್ಟ್ ನೋಡಿ. ಎರಡೂ ಆಂಪ್ಲಿಯಲ್ಲಿ 1 ವೋಲ್ಟ್ ಬರಲಿ, ಎರಡರ ನಡುವೆ ಹೆಚ್ಚೆಂದರೆ 10 ಮಿಲಿವೋಲ್ಟ್ ಅಂತರ. ಅಷ್ಟಾದರೆ ವ್ಯತ್ಯಾಸ 0.1 ಡಿಬಿಯೊಳಗೆ ಬಂತು. ಒಂದು ಎಚ್ಚರ. ಎಲ್ಲ ಕಡೆ ಸಿಗುವ ಆ ಅಗ್ಗದ ಹಳದಿ ಮೀಟರ್ ಸಾಲದು. ಅದರಲ್ಲಿ ಎಸಿಯ ಚಿಕ್ಕ ರೇಂಜೇ 200 ವೋಲ್ಟ್, ತೋರಿಸುವುದು 0.1 ವೋಲ್ಟ್ ಮೆಟ್ಟಿಲಲ್ಲಿ. ಮಿಲಿವೋಲ್ಟ್ ತೋರಿಸುವ ಮೀಟರ್ ಬೇಕು. ಟೋನ್ 1000 ಹರ್ಟ್ಜ್ ಯಾಕೆ ಬೇಡ ಅಂದರೆ, ಸಾಧಾರಣ ಮೀಟರುಗಳನ್ನು ಮನೆಯ 50 ಹರ್ಟ್ಜ್ ಕರೆಂಟಿಗೆ ಅಂತ ಮಾಡಿರುತ್ತಾರೆ, ಮೇಲೆ ಹೋದಂತೆ ತಪ್ಪು ತೋರಿಸುತ್ತವೆ.

ಹುಬ್ಬಳ್ಳಿ_ರೇಡಿಯೋ, ಮಂಗಳವಾರ ಬೆಳಿಗ್ಗೆ

ಡಬ್ಬದ ಮೇಲಿನ ನಂಬರ್ ಅಂದ್ರ ನನಗ ನಗು ಬರ್ತದ ರೀ. ನಮ್ಮ ಮನೆಯಲ್ಲಿ 1990ರ ದಶಕದ ಒಂದು ಕಂಪ್ಯೂಟರ್ ಸ್ಪೀಕರ್ ಜೋಡಿ ಇತ್ತು. ಮೇಲೆ '1000 ವ್ಯಾಟ್ ಪಿಎಂಪಿಒ' (ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತೆ) ಅಂತ ಬಂಗಾರದ ಬಣ್ಣದ ಸ್ಟಿಕ್ಕರ್. ಅಡಾಪ್ಟರ್ ತಿರುಗಿಸಿ ನೋಡಿದರೆ 12 ವೋಲ್ಟ್, 1 ಆಂಪಿಯರ್. ಅಂದರೆ ಗೋಡೆಯಿಂದ ಒಳಗೆ ಹೋಗೋದೇ 12 ವ್ಯಾಟ್. ಉಳಿದ 988 ವ್ಯಾಟ್ ಸ್ಟಿಕ್ಕರ್‌ನಿಂದ ಬರ್ತಿತ್ತೇನೋ! ಅಮೆರಿಕದಲ್ಲಿ ಇಂಥ ಆಟ ಜಾಸ್ತಿಯಾಗಿ 1974ರಲ್ಲೇ ವ್ಯಾಟ್ ಹೇಗೆ ಅಳೆದು ಹೇಳಬೇಕು ಅಂತ ಸರ್ಕಾರ ನಿಯಮ ತಂದಿತ್ತು.

ಇನ್ನೊಂದು ಕೈಚಳಕ ಸ್ಪೀಕರಿನದು. '1 ಮೀಟರ್ ದೂರದಲ್ಲಿ 2.83 ವೋಲ್ಟ್‌ಗೆ 88 ಡಿಬಿ' ಅಂತ ಬರೆದಿರುತ್ತಾರೆ. 8 ಓಮ್ ಸ್ಪೀಕರ್‌ಗೆ 2.83 ವೋಲ್ಟ್ ಅಂದರೆ ಸರಿಯಾಗಿ 1 ವ್ಯಾಟ್. 4 ಓಮ್ ಆದರೆ ಅದೇ ವೋಲ್ಟ್‌ಗೆ 2 ವ್ಯಾಟ್ ಕುಡಿಯುತ್ತದೆ, 3 ಡಿಬಿ ಪುಕ್ಕಟೆ ಸಿಕ್ಕಂಗ. ಸುಳ್ಳು ಅಲ್ಲ, ಆದರ ನಿಜಾನೂ ಅಲ್ಲ.

ತಂಬೂರಿ_ತಂತಿ, ಮಂಗಳವಾರ ಮಧ್ಯಾಹ್ನ

ನಾನು ವೀಣೆ ಪಾಠ ಹೇಳುವವಳು. ಇಲ್ಲಿ ಎಲ್ಲರೂ ಕಿವಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ತಂಬೂರಿ ಶ್ರುತಿ ಮಾಡುವಾಗ ಕುದುರೆಯ (ತಂತಿ ಒರಗುವ ಪಟ್ಟಿಯ) ಮೇಲೆ ತಂತಿಯ ಕೆಳಗೆ ಒಂದು ದಾರ ಇಡುತ್ತೇವೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಸತ್ತಂತಿದ್ದ ತಂತಿಗೆ ಜೀವ ಬರುತ್ತದೆ. ಆ ಜಾಗ ಹುಡುಕುವುದು ಕಿವಿ. ನನ್ನ ಗುರುಗಳ ಮನೆಯಲ್ಲಿ ಯಾವ ಮೀಟರೂ ಇರಲಿಲ್ಲ. 0.005 ಅನ್ನುವ ಒಂದು ಅಂಕಿ ಇಡೀ ಸಂಗೀತದ ಬಗ್ಗೆ ಏನು ಹೇಳೀತು? ಆ ಟಿಎಚ್‌ಡಿ ಅಳೆಯುವುದು ಒಂದೇ ಒಂದು ಟೋನ್ ಹಾಕಿ ತಾನೇ? ತಂಬೂರಿಯ ಒಂದು ಮೀಟಿನಲ್ಲಿ ಎಷ್ಟು ಸ್ವರಗಳ ನೆರಳಿರುತ್ತವೆ ಗೊತ್ತಾ?

ಹಳೇ ಆಂಪ್ಲಿಯವರೇ, ನಿಮಗೊಂದು ಪ್ರಶ್ನೆ. ರಾತ್ರಿ ತುಂಬ ಸಣ್ಣಗೆ ಇಟ್ಟು ಕೇಳುವಾಗ ಹಾಡುವವರು ನಡುವಿನಿಂದ ಒಂದು ಪಕ್ಕಕ್ಕೆ ಸರಿದ ಹಾಗೆ ಆಗುತ್ತದಾ? ನಮ್ಮ ಮನೆಯ ಹಳೆಯ ಸೆಟ್ಟಿನಲ್ಲಿ ಹಾಗಾಗುತ್ತಿತ್ತು.

ಕಪ್ಪು_ಎರಡು (ಉಡುಪಿ), ಮಂಗಳವಾರ ಸಂಜೆ

ತಂಬೂರಿ ಮೇಡಂ, ನಿಮ್ಮ ಕಿವಿಯ ಮೇಲೆ ಯಾರಿಗೂ ಅನುಮಾನ ಇಲ್ಲ. ಅನುಮಾನ ಇರೋದು ಕಣ್ಣಿನ ಮೇಲೆ. ದಾರ ಸರಿಸುವಾಗ ದಾರಕ್ಕೆ ಬೆಲೆಯ ಚೀಟಿ ಅಂಟಿಸಿರುವುದಿಲ್ಲ.

ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಒಂದು ಪ್ರಯೋಗ ಮಾಡಿದ್ದರು. ಸ್ಪೀಕರ್ ಮಾಡುವ ಹಾರ್ಮನ್ ಕಂಪನಿಯ ನೌಕರರನ್ನೇ ಕೂರಿಸಿ ಸ್ಪೀಕರ್ ಕೇಳಿಸಿದರು. ಒಮ್ಮೆ ಕಣ್ಣಿಗೆ ಕಾಣುವಂತೆ, ಒಮ್ಮೆ ಪರದೆಯ ಹಿಂದೆ. ಕಾಣುವಾಗ ದೊಡ್ಡ, ಚಂದದ ಸ್ಪೀಕರ್‌ಗಳಿಗೆ ಮಾರ್ಕ್ಸ್ ಏರಿತು. ಪರದೆ ಹಾಕಿದಾಗ ಅದು ಇಳಿಯಿತು. ಕಿವಿ ಅವೇ, ಸ್ಪೀಕರ್ ಅವೇ. ಹಾಗಾಗಿ ಕುರುಡು ಪರೀಕ್ಷೆ ಅನ್ನೋದು ಕಿವಿಗೆ ಅವಮಾನ ಅಲ್ಲ. ಅದೊಂದೇ ಕಿವಿಯನ್ನು ಒಬ್ಬಂಟಿಯಾಗಿ ಕೆಲಸ ಮಾಡಲು ಬಿಡುವ ಪರೀಕ್ಷೆ.

ಆದರೆ ಟಿಎಚ್‌ಡಿ ಬಗ್ಗೆ ನೀವು ಹೇಳಿದ್ದು ಸರಿ. ತಂಬೂರಿಯಂಥ ದನಿಗೆ ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡರಷ್ಟು ಕಂಪನದ ದನಿ) ಒಂದಿಷ್ಟು ಸೇರಿಸಿದರೂ ಗೊತ್ತಾಗುವುದೇ ಇಲ್ಲ, ಅದರೊಳಗೆ ಮೊದಲೇ ಅದು ತುಂಬಿದೆ. ಅದೇ ಪ್ರಮಾಣದ ಏಳನೆಯದೋ ಒಂಬತ್ತನೆಯದೋ ಸೇರಿದರೆ ಕಿವಿ ಚುಚ್ಚಬಹುದು. ಒಂದೇ ಅಂಕಿ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ.

ಮೃದಂಗದ ತೊಂದರೆಗೆ ಬರೋಣ. ಅದು ಆಂಪ್ಲಿಯದಲ್ಲ, ಕೋಣೆಯದು ಅಂತ ನನ್ನ ಪಂತ. 12 ಅಡಿ ಅಂದರೆ 3.66 ಮೀಟರ್. ಶಬ್ದ ಸೆಕೆಂಡಿಗೆ 343 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿ 7.32 ಮೀಟರ್. ಭಾಗಿಸಿದರೆ ಸುಮಾರು 47 ಹರ್ಟ್ಜ್. ಅದು ಕೋಣೆಯ ಉದ್ದದ ಮೊದಲ ಗುನುಗು, ಎರಡನೆಯದು 94. ನಿಮ್ಮ ಚಿಕ್ಕ ಸ್ಪೀಕರ್‌ಗಳು 47ರಲ್ಲಿ ಹೆಚ್ಚೇನೂ ಕೊಡಲಾರವು, 94ರಲ್ಲಿ ಚೆನ್ನಾಗೇ ಕೊಡುತ್ತವೆ. ನೀವು ಹಿಂದಿನ ಗೋಡೆಗೆ ಒರಗಿ ಕೂರುತ್ತೀರಾ? ಗೋಡೆಯ ಬಳಿ ಈ ಗುನುಗು ಅತಿ ಜೋರು. ಅದೇ ಗೋಡೆಯಿಂದ 3 ಅಡಿ, ಅಂದರೆ ಉದ್ದದ ಕಾಲುಭಾಗ ಮುಂದೆ ಬಂದರೆ 94 ಹೆಚ್ಚು ಕಡಿಮೆ ಮಾಯ.

ನಾನು ಯಕ್ಷಗಾನ ಆಟದ ರೆಕಾರ್ಡಿಂಗ್ ಜಾಸ್ತಿ ಕೇಳುವವನು. ಚೆಂಡೆಯ ಪೆಟ್ಟು ಸ್ಪೀಕರ್‌ನಿಂದ ಸರಿಯಾಗಿ ಬರುತ್ತಿಲ್ಲ ಅಂತ ಎರಡು ವರ್ಷ ಆಂಪ್ಲಿ ಬದಲಾಯಿಸಿದೆ. ಕೊನೆಗೆ ತಪ್ಪು ಇದ್ದದ್ದು ಬರಿ ಗೋಡೆ, ಬರಿ ಟೈಲ್ಸ್ ನೆಲ. ಒಂದು ದಪ್ಪ ಜಮಖಾನ ಹಾಸಿದ ಮೇಲೆ ಎಷ್ಟೋ ವಾಸಿ.

ಸೆಮಿಸ್ಟರ್_ಸುಸ್ತು, ಮಂಗಳವಾರ ರಾತ್ರಿ

ನಡುವೆ ಬಾಯಿ ಹಾಕ್ತಿದ್ದೀನಿ, ಸಾರಿ. ನಾನು ಹಾಸ್ಟೆಲ್‌ನಲ್ಲಿದ್ದೀನಿ, ಇಯರ್‌ಫೋನ್ ಅಷ್ಟೇ ಗತಿ. ನೆಟ್‌ನಲ್ಲಿ ಗ್ರಾಫ್ ಹಾಕ್ತಾರಲ್ಲ, ಅದನ್ನ ನೋಡಿ ತಗೊಂಡ್ರೆ ಸಾಕಾ?

ಕಪ್ಪು_ಎರಡು, ಮಂಗಳವಾರ ರಾತ್ರಿ

ತಮ್ಮಾ, ಅರ್ಧ ಸಾಕು. ಅಳೆಯುವವರು ಇಯರ್‌ಫೋನನ್ನು ಲೋಹದ ಒಂದು ಕೃತಕ ಕಿವಿಗೆ ಸಿಕ್ಕಿಸುತ್ತಾರೆ. ಹೆಚ್ಚಿನವರು ಬಳಸುವ ಬಗೆಯಲ್ಲಿ 8 ಕಿಲೋಹರ್ಟ್ಜ್ ಹತ್ತಿರ ಆ ಕೊಳವೆಯದೇ ಒಂದು ಶಿಖರ ಏಳುತ್ತದೆ. ಅಲ್ಲಿಂದ ಮೇಲಿನ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡ. ನಿನ್ನ ಕಿವಿಯ ದಾರಿ ಬೇರೆ ಉದ್ದ, ಶಿಖರ ಬೇರೆ ಕಡೆ ಬರುತ್ತದೆ.

ಕೆಳಗಿನ ಭಾಗ, ನಡುವಿನ ಭಾಗ ನಂಬಬಹುದು. ಆಲಿವ್ ತಂಡ 2013ರ ಆಸುಪಾಸಿನಿಂದ ಬಹಳ ಜನರಿಗೆ ಕೇಳಿಸಿ, ಹೆಚ್ಚಿನವರು ಇಷ್ಟಪಡುವ ಒಂದು ಗೆರೆ ಕಂಡುಹಿಡಿದಿದೆ. ಹಾರ್ಮನ್ ಟಾರ್ಗೆಟ್ ಅನ್ನುತ್ತಾರೆ. ಅದಕ್ಕೆ ಹತ್ತಿರ ಇದ್ದರೆ ನಿನಗೂ ಹಿಡಿಸುವ ಸಾಧ್ಯತೆ ಜಾಸ್ತಿ, ಗ್ಯಾರಂಟಿ ಅಲ್ಲ. ಇಷ್ಟೆಲ್ಲ ಆದ ಮೇಲೂ ರಬ್ಬರ್ ಟಿಪ್ ನಿನ್ನ ಕಿವಿಗೆ ಬಿಗಿಯಾಗಿ ಕೂರದಿದ್ದರೆ ಬೇಸ್ ಪೂರ್ತಿ ಸೋರಿಹೋಗುತ್ತದೆ. ಮೊದಲು ಡಬ್ಬದಲ್ಲಿರುವ ಮೂರೂ ಸೈಜ್ ಹಾಕಿ ನೋಡು.

ಹುಬ್ಬಳ್ಳಿ_ರೇಡಿಯೋ, ಮಂಗಳವಾರ ರಾತ್ರಿ

ಅಳತಿ ಮಾತು ಬಂತಲ್ಲ, ಒಂದು ಕೇಳ್ತೀನಿ. 24 ಬಿಟ್, 96 ಕಿಲೋಹರ್ಟ್ಜ್ ಹಾಡಿಗೆ ತಿಂಗಳಾ ರೊಕ್ಕ ಕೊಡಾಕತ್ತೀನಿ. ದಂಡ ಏನ್ರೀ?

ಸೋಲ್ಡರ್_ಹೊಗೆ, ಬುಧವಾರ ಬೆಳಿಗ್ಗೆ

ಸಿಡಿಯ 16 ಬಿಟ್‌ನಲ್ಲೇ ಸುಮಾರು 96 ಡಿಬಿ ಅಂತರ ಇದೆ. 44.1 ಕಿಲೋಹರ್ಟ್ಜ್ ಅಂದರೆ 20 ಕಿಲೋಹರ್ಟ್ಜ್‌ವರೆಗಿನ ಎಲ್ಲವೂ ಬಂತು. ನನ್ನ ವಯಸ್ಸಿನವರಿಗೆ ಅದರ ಹತ್ತಿರಕ್ಕೂ ಕೇಳಿಸುವುದಿಲ್ಲ ಬಿಡಿ. 2007ರಲ್ಲಿ ಮೇಯರ್ ಮತ್ತು ಮೋರನ್ ಅನ್ನುವವರು ಹೈ-ರೆಸ್ (ಸಿಡಿಗಿಂತ ಹೆಚ್ಚು ವಿವರದ) ಡಿಸ್ಕ್ ಹಾಕಿ, ನಡುವೆ ಗುಟ್ಟಾಗಿ ಸಿಡಿ ಮಟ್ಟಕ್ಕೆ ಇಳಿಸುವ ಪೆಟ್ಟಿಗೆ ಸೇರಿಸಿ, ಗುರುತಿಸಿ ಅಂದರು. 554 ಸಲ ಕೇಳಿಸಿದ್ದಕ್ಕೆ 276 ಸಲ ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಆದರೆ ಕೆಲವು ಹೈ-ರೆಸ್ ಆಲ್ಬಂಗಳನ್ನು ಬೇರೆಯಾಗಿ, ಹೆಚ್ಚು ಜತನದಿಂದ ಮಾಸ್ಟರ್ ಮಾಡಿರುತ್ತಾರೆ. ಆ ವ್ಯತ್ಯಾಸ ನಿಜ. ಅದು ಬಿಟ್‌ನದಲ್ಲ, ಕೂತು ಕೆಲಸ ಮಾಡಿದವನದು.

ಹಳೇ ಆಂಪ್ಲಿಯವರ ಗುಂಯ್ ಸದ್ದನ್ನು ಯಾರೂ ಮುಟ್ಟಲಿಲ್ಲ. ಅದು 50 ಹರ್ಟ್ಜೋ 100 ಹರ್ಟ್ಜೋ ನೋಡಿ, ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಫೋನಿನ ಸ್ಪೆಕ್ಟ್ರಮ್ ಆಪ್‌ನಲ್ಲಿ ಕಾಣದಿದ್ದರೆ ಟೋನ್ ಹಾಕಿ ಶ್ರುತಿ ಹೋಲಿಸಿ. ಎಲ್ಲ ಇನ್‌ಪುಟ್ ವೈರ್ ಕಿತ್ತ ಮೇಲೂ 100ರ ಗುಂಯ್ ಉಳಿದರೆ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಒಣಗಿವೆ. ಡಯೋಡ್ ಸೇತುವೆ ದಾಟಿದ ಮೇಲೆ 50 ಎರಡರಷ್ಟಾಗಿ 100 ಆಗುತ್ತಲ್ಲ, ಅದನ್ನು ಅವು ಹೀರಿಕೊಳ್ಳಬೇಕು, ಹೀರುತ್ತಿಲ್ಲ ಅಂತ ಅರ್ಥ. ವೈರ್ ಕಿತ್ತಾಗ ನಿಂತು ಹೋದರೆ ಅರ್ತ್ ಲೂಪ್, ಅಂದರೆ ಎರಡು ಕಡೆ ಅರ್ತ್ ಸಿಕ್ಕಿ ವೈರ್ ಗುಂಟ ಕರೆಂಟ್ ಸುತ್ತುತ್ತಿದೆ. ಯಾವ ವೈರ್ ಅಂತ ಒಂದೊಂದಾಗಿ ಹಾಕುತ್ತಾ ಹುಡುಕಿ. ದಯವಿಟ್ಟು ಪ್ಲಗ್‌ನ ಅರ್ತ್ ಪಿನ್ ಮುರಿಯುವ ಬುದ್ಧಿ ಮಾತ್ರ ಬೇಡ. ಸದ್ದು ಹೋಗುತ್ತದೆ, ಜೊತೆಗೆ ಯಾರಾದರೂ ಹೋಗಬಹುದು.

ಹಳೇ_ಆಂಪ್ಲಿ, ಬುಧವಾರ ರಾತ್ರಿ

ಸಿಕ್ಕಿತು ಸರ್! ಟಿವಿಯ ಸೆಟ್‌ಟಾಪ್ ಬಾಕ್ಸ್‌ನ ವೈರ್ ಕಿತ್ತ ತಕ್ಷಣ ಮನೆ ಸ್ತಬ್ಧ. ಮತ್ತೆ ಹಾಕಿ, ಡಿಶ್‌ನ ಕೇಬಲ್ ಮಾತ್ರ ಬಿಚ್ಚಿದೆ. ಆಗಲೂ ಸ್ತಬ್ಧ. ಅಂದರೆ ತಾರಸಿಯಿಂದ ಬರುವ ಕೇಬಲ್ ಗುಂಟ ಬರುತ್ತಿತ್ತು. ಟಿವಿಯಿಂದ ಆಪ್ಟಿಕಲ್ ವೈರ್‌ನಲ್ಲಿ ತಗೊಂಡೆ, ಮುಗಿಯಿತು. ಖರ್ಚು, ಒಂದು ವೈರು ಮತ್ತು ಒಂದು ಪುಟ್ಟ ಕನ್ವರ್ಟರ್.

ತಂಬೂರಿ ಮೇಡಂ, ರಾತ್ರಿ ಸಣ್ಣಗೆ ಇಟ್ಟು ಕೇಳಿದೆ. ನೀವು ಹೇಳಿದ್ದು ನಿಜ. ಹಾಡುವವರು ಎಡಕ್ಕೆ ಸರಿದು ಕೂರುತ್ತಾರೆ. ಇಷ್ಟು ವರ್ಷ ನನ್ನ ಕಿವಿಯದೇ ದೋಷ ಅಂದುಕೊಂಡಿದ್ದೆ.

ಕೇಬಲ್_ಗಂಟು (ಮೈಸೂರು), ಗುರುವಾರ ಬೆಳಿಗ್ಗೆ

ನಾನೂ ಮೈಸೂರಿನವನೇ, ಕುವೆಂಪುನಗರ. ನನ್ನ ಹತ್ತಿರ ಮಿನಿಡಿಎಸ್‌ಪಿಯ ಯುಮಿಕ್-1 ಅಳತೆ ಮೈಕ್ ಇದೆ. ಪ್ರತಿ ಮೈಕಿಗೂ ಅದರ ಸೀರಿಯಲ್ ನಂಬರಿನ ಕ್ಯಾಲಿಬ್ರೇಶನ್ ಫೈಲ್ ಸಿಗುತ್ತದೆ. 'ರೂಮ್ ಈಕ್ಯೂ ವಿಝರ್ಡ್' ಸಾಫ್ಟ್‌ವೇರ್ ಪುಕ್ಕಟೆ. ಫೋನಿನ ಮೈಕ್‌ನಿಂದ ಬೇಸ್ ಅಳೆಯಲು ಹೋಗಬೇಡಿ. ಅದು ಮಾತಿಗೆ ಮಾಡಿದ್ದು, ಕೆಳಗಿನದನ್ನು ಬೇಕೆಂದೇ ಕತ್ತರಿಸಿರುತ್ತಾರೆ. ಭಾನುವಾರ ಬರಲಾ? ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರುವ ಪರೀಕ್ಷೆಯ ಟೋನ್) ಓಡುವಾಗ ಕುಕ್ಕರ್ ವಿಸಿಲ್ ಹೊಡೆಯಬಾರದು, ಅಷ್ಟು ನೋಡಿಕೊಳ್ಳಿ.

ಆರು ಕಾಲಿನ ಟಾಗಲ್ ಸ್ವಿಚ್ ಕೂಡ ತರುತ್ತೇನೆ. ಎರಡು ಆಂಪ್ಲಿ, ಒಂದು ಸ್ಪೀಕರ್. ಪ್ಲಸ್ಸೂ ಮೈನಸ್ಸೂ ಎರಡೂ ಬದಲಾಗಬೇಕು. ಒಂದು ಆಂಪ್ಲಿಯ ಔಟ್‌ಪುಟ್ ಇನ್ನೊಂದಕ್ಕೆ ಯಾವತ್ತೂ ತಾಕಬಾರದು, ಎರಡೂ ಸುಡುತ್ತವೆ. ಒಂದೇ ಸ್ಪೀಕರ್ ಸಾಕಾ ಅಂತ ಕೇಳಬೇಡಿ. ಟೂಲ್ ಅವರೇ ಬರೆದಿದ್ದಾರೆ, ಸ್ಪೀಕರ್ ಹೋಲಿಸುವಾಗಲೂ ಜನ ಒಂದರಲ್ಲೇ ತಪ್ಪು ಬೇಗ ಹಿಡಿಯುತ್ತಾರೆ ಅಂತ.

ಹಳೇ_ಆಂಪ್ಲಿ, ಭಾನುವಾರ ರಾತ್ರಿ

ಲೇಟಾಯಿತು, ಕ್ಷಮಿಸಿ. ಮನೆ ಇನ್ನೂ ಸಹಜ ಸ್ಥಿತಿಗೆ ಬಂದಿಲ್ಲ.

ಅಂಗಡಿಯವರು ಅಡ್ವಾನ್ಸ್ ತಗೊಂಡು ಹೊಸ ಆಂಪ್ಲಿಯನ್ನು ಎರಡು ದಿನಕ್ಕೆ ಕೊಟ್ಟರು. ಅಂಗಡಿಯಲ್ಲಿ ಇಟ್ಟಿದ್ದ ಹಾಗೇ ಎರಡರ ನಾಬನ್ನೂ ಅರ್ಧಕ್ಕೆ ತಿರುಗಿಸಿ ಮೀಟರ್ ಇಟ್ಟೆವು. ಹಳೆಯದು 1.00 ವೋಲ್ಟ್. ಹೊಸದು 1.24. ಕೇಬಲ್ ಗಂಟು ಅವರು ಅಲ್ಲೇ ಲೆಕ್ಕ ಹಾಕಿದರು, 1.9 ಡಿಬಿ ಹತ್ತಿರ. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಆಮೇಲೆ ಪರೀಕ್ಷೆ. ಆಂಪ್ಲಿಗಳ ಮುಂದೆ ಬೆಡ್‌ಶೀಟ್ ಕಟ್ಟಿ, ಹಿಂದೆ ನನ್ನ ಭಾಮೈದ ಕೂತ. ನಾಣ್ಯ ಚಿಮ್ಮಿ ಸ್ವಿಚ್ ಹಾಕಿ ಬರೆದುಕೊಳ್ಳುವುದು ಅವನ ಕೆಲಸ. ಮಾತಾಡಬಾರದು, ಕೆಮ್ಮಬಾರದು. 16 ಸಲ. ವಾಲ್ಯೂಮ್ ಸಮ ಮಾಡದೆ ಮೊದಲ ಸುತ್ತು, 16ಕ್ಕೆ 15 ಸರಿ. ನಾನು ಹಿಗ್ಗಿ ಹೀರೇಕಾಯಿ ಆದೆ. 1 ವೋಲ್ಟ್‌ಗೆ ಸಮ ಮಾಡಿ ಎರಡನೇ ಸುತ್ತು, 16ಕ್ಕೆ 9. ಪ್ರತಿ ಸಲವೂ 'ಖಂಡಿತ ಇದೇ' ಅಂತಲೇ ಹೇಳುತ್ತಿದ್ದೆ, ಅದು ತಮಾಷೆ. ಸುಮ್ಮನೆ ಊಹಿಸಿದರೂ 100ಕ್ಕೆ 40 ಸಲ 9 ಅಥವಾ ಅದಕ್ಕಿಂತ ಜಾಸ್ತಿ ಬರುತ್ತದಂತೆ. 12 ಬಂದಿದ್ದರೆ ಏನಾದರೂ ಹೇಳಬಹುದಿತ್ತು, ಅಷ್ಟು ಬರೀ ಅದೃಷ್ಟದಿಂದ ಬರುವುದು 100ಕ್ಕೆ 4 ಸಲವೂ ಇಲ್ಲ.

ಈಗ ಮೇಡಂ ಹೇಳಿದ ವಿಷಯ. ಸಣ್ಣ ವಾಲ್ಯೂಮ್‌ನಲ್ಲಿ ಹಳೇ ಆಂಪ್ಲಿಯ ಎಡಕ್ಕೆ 100 ಮಿಲಿವೋಲ್ಟ್, ಬಲಕ್ಕೆ 78. ಅಂದರೆ 2 ಡಿಬಿಗಿಂತ ಜಾಸ್ತಿ ವಾಲಿದೆ. ಹೊಸದರಲ್ಲಿ ವಾಲ್ಯೂಮ್ ಚಿಪ್‌ನೊಳಗೆ ಆಗುತ್ತದೆ, ಎಡ ಬಲ ಒಂದೇ. ಯಾವ ಮ್ಯಾನ್ಯುಯಲ್‌ನಲ್ಲೂ ಯಾವ ಡಬ್ಬದ ಮೇಲೂ ಇದರ ಬಗ್ಗೆ ಒಂದಕ್ಷರ ಇಲ್ಲ. ಕಿವಿ ಹೇಳಿತು, ಮೀಟರ್ ಹೂಂಗುಟ್ಟಿತು.

ಮೈಕ್ ಇಟ್ಟು ಕೋಣೆ ಅಳೆದದ್ದು ಎಲ್ಲಕ್ಕಿಂತ ದೊಡ್ಡ ಪಾಠ. ನಾನು ಕೂರುವ ಜಾಗದಲ್ಲಿ 94 ಹರ್ಟ್ಜ್ ಹತ್ತಿರ 10 ಡಿಬಿ ಗುಡ್ಡ! ಉಡುಪಿಯವರು ಮೈಕ್ ಇಲ್ಲದೆ, ಅಡಿ ಲೆಕ್ಕದಲ್ಲೇ ಹೇಳಿದ್ದರು. ಕುರ್ಚಿ ಎರಡೂವರೆ ಅಡಿ ಮುಂದೆ ಎಳೆದೆವು, ಗುಡ್ಡ 3 ಡಿಬಿಗೆ ಇಳಿಯಿತು. ಮೃದಂಗ ಈಗ ಮೃದಂಗದ ಹಾಗಿದೆ. 0.05ನ್ನು 0.005 ಮಾಡಲು 38 ಸಾವಿರ ಕೊಡಲು ಹೊರಟಿದ್ದೆ, ತಲೆಯ ಹಿಂದಿನ ಗೋಡೆಯನ್ನು ನೋಡಿರಲಿಲ್ಲ.

ತಂಬೂರಿ_ತಂತಿ, ಸೋಮವಾರ ಬೆಳಿಗ್ಗೆ

ಸಂತೋಷ. ಆದರೆ 16ಕ್ಕೆ 9 ಬಂತು ಅಂತ ಎರಡೂ ಒಂದೇ ಅಂದುಬಿಡಬೇಡಿ. ಯಾವ ಹಾಡು ಹಾಕಿದಿರಿ? ಒಂದೇ ತುಣುಕನ್ನು ಹದಿನಾರು ಸಲ ಕೇಳಿದರೆ ಕಿವಿ ಮರಗಟ್ಟುತ್ತದೆ. ಪಾಠದಲ್ಲಿ ಮಕ್ಕಳಿಗೂ ಹಾಗೇ, ಹತ್ತನೇ ಸಲಕ್ಕೆ ಗಮಕ ಹೋಗಿರುತ್ತದೆ.

ಸೋಲ್ಡರ್_ಹೊಗೆ, ಸೋಮವಾರ ಬೆಳಿಗ್ಗೆ

ಮೇಡಂ ಹೇಳಿದ್ದು ನ್ಯಾಯ. ಆ ಹಾಡು, ಆ ಕೋಣೆ, ಆ ದಿನದ ಕಿವಿ, ಇಷ್ಟರಲ್ಲಿ ಅವರಿಗೆ ಗುರುತಿಸಲು ಆಗಲಿಲ್ಲ ಅಂತ ಅಷ್ಟೇ ಹೇಳಬಹುದು. ನಾಲ್ಕು ನಾಲ್ಕು ಸಲ ಮಾಡಿ, ನಡುವೆ ಕಾಫಿ ಕುಡಿದು ಮತ್ತೆ ಕೂತರೆ ಒಳ್ಳೆಯದು.

ಎಡಕ್ಕೆ ವಾಲುವುದು ವಾಲ್ಯೂಮ್ ಪಾಟ್‌ನಿಂದ, ಅಂದರೆ ನಾಬ್ ಹಿಂದಿನ ಬಿಡಿಭಾಗದಿಂದ. ಅದರ ಅಡಿಯಲ್ಲಿ ಎಷ್ಟು 'ಕೆ' (ಕಿಲೋಓಮ್) ಅಂತ ಬರೆದಿದೆ ನೋಡಿ ಹೇಳಿ. ಲಾಗ್ ಬಗೆಯ ಸ್ಟೀರಿಯೋ ಪಾಟ್ ಬೇಕು. ಎರಡು ಮೂರು ತಂದು, ಹಾಕುವ ಮೊದಲು ಓಮ್ ಮೀಟರ್‌ನಲ್ಲಿ ಎರಡೂ ಕಡೆ ಹೋಲಿಸಿ, ಸಮ ಇರುವುದನ್ನು ಆರಿಸಿ. ಮುಚ್ಚಳ ತೆಗೆಯುವ ಮೊದಲು ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ. ಆಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ವೋಲ್ಟ್ ಉಳಿದಿದೆಯಾ ಮೀಟರ್ ಇಟ್ಟು ನೋಡಿಯೇ ಕೈ ಹಾಕಿ.

ಹಳೇ_ಆಂಪ್ಲಿ, ಸೋಮವಾರ ರಾತ್ರಿ

50 ಕೆ ಅಂತ ಇದೆ ಸರ್. ಹೊಸ ಆಂಪ್ಲಿ ಇವತ್ತು ವಾಪಸ್ ಕೊಟ್ಟು ಬಂದೆ.

ಈಗ ಹೊಸ ತಕರಾರು. ಕುರ್ಚಿ ಎರಡೂವರೆ ಅಡಿ ಮುಂದೆ ಬಂದಿದ್ದರಿಂದ ಬೀರುವಿನ ಬಾಗಿಲು ಪೂರ್ತಿ ತೆಗೆಯೋಕೆ ಆಗುತ್ತಿಲ್ಲ. ಅಮ್ಮ ಬೆಳಿಗ್ಗೆಯಿಂದ ಮೂರು ಸಲ ಕುರ್ಚಿಯನ್ನು ಗೋಡೆಗೆ ತಳ್ಳಿದ್ದಾರೆ. ಉಡುಪಿಯವರೇ, ಒಂದೂವರೆ ಅಡಿಗೆ ಎಷ್ಟು ಡಿಬಿ ಇಳಿಯುತ್ತೆ?

ಕಪ್ಪು_ಎರಡು, ಸೋಮವಾರ ರಾತ್ರಿ

ಬರೀ 3. ಬೀರು ಸರಿಸಿ, ಅಮ್ಮನನ್ನು ಕೇಳಿ ಆಮೇಲೆ.